ಮಂಚದ ಮೇಲಿನ ಬಾರ್ಡರ್

ನನ್ನ ಗಂಡ ಗಲ್ಫಿನಲ್ಲಿ ಬೇರೆಯವರ ಮನೆಗಳ ಸೀಲಿಂಗಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಬಾರ್ಡರ್ ಕೂರಿಸುತ್ತಿದ್ದವರು. ಶಿರ್ವದಲ್ಲಿ ಸ್ವಂತ ಮನೆ ಕಟ್ಟಿದಾಗ ನಮ್ಮ ಮಲಗುವ ಕೋಣೆಗೂ ಒಂದನ್ನು ಮಾಡಿದರು. ಗೋಡೆ ಮುಗಿದು ಸೀಲಿಂಗ್ ಶುರುವಾಗುವಲ್ಲಿ ಸುತ್ತಲೂ ಗೇಣಗಲದ ಬಳ್ಳಿ, ಎಲೆ, ಮೊಗ್ಗು. ಸೀರೆಗೆ ಅಂಚಿದ್ದರೆ ಸಾಲದಾ, ಕೋಣೆಗೂ ಬೇಕಾ ಎಂದು ನಾನು ತಮಾಷೆ ಮಾಡಿದ್ದೆ. ಮಲಗಿಕೊಂಡು ನೋಡು, ಆಮೇಲೆ ಮಾತಾಡು ಎಂದಿದ್ದರು.

ಎರಡು ವರ್ಷದಿಂದ ಮಲಗಿಕೊಂಡು ನೋಡುತ್ತಿದ್ದವರು ಅವರೇ. ಪಾರ್ಶ್ವವಾಯು ಬಡಿದು ಕೈ, ಕಾಲು, ಮಾತು ಎಲ್ಲ ಹೋಯಿತು. ಉಳಿದದ್ದು ಕಣ್ಣು. ಹೌದಾದರೆ ಮುಚ್ಚುತ್ತಾರೆ, ಅಲ್ಲವಾದರೆ ತೆರೆದೇ ಇಡುತ್ತಾರೆ. ಗಂಜಿ ಬೇಕಾ, ಫ್ಯಾನ್ ಸಾಕಾ, ಬೆನ್ನು ಉರಿಯುತ್ತದಾ, ಇಷ್ಟರಲ್ಲೇ ನಮ್ಮ ಸಂಸಾರ. ಜಗಳ ಮಾತ್ರ ನಾನೊಬ್ಬಳೇ ಮಾಡಬೇಕು.

ಕಳೆದ ಮಳೆಗಾಲದಲ್ಲಿ ಸ್ಲ್ಯಾಬ್ ಸೋರಿ ಬಾರ್ಡರ್ ನೀರು ಕುಡಿದು ಉಬ್ಬಿತು. ಒಂದು ಬೆಳಿಗ್ಗೆ ಅಂಗೈಯಷ್ಟು ತುಂಡು ಅವರ ದಿಂಬಿನ ಪಕ್ಕವೇ ಬಿತ್ತು. ಅಯ್ಯೋ ದೇವರೇ, ಒಂದು ಗೇಣು ಈಚೆ ಬಿದ್ದಿದ್ದರೆ! ತೆಗೆಸಲೇಬೇಕು ಎಂದುಕೊಂಡೆ. ಆದರೆ ಆ ಮಂಚ ಕೋಣೆಯೊಳಗೇ ಜೋಡಿಸಿದ್ದು, ಬಾಗಿಲಲ್ಲಿ ಹಿಡಿಯುವುದಿಲ್ಲ, ಗೋಡೆಯಿಂದ ದೂರ ಸರಿಸುವಷ್ಟು ಜಾಗವೂ ಇಲ್ಲ. ಅವರನ್ನು ಎತ್ತಿದರೆ ಬೆನ್ನಿನ ಹುಣ್ಣು ಒಡೆಯುತ್ತದೆ. ಧೂಳು ಎದೆಗೆ ಹೋದರೆ ಕಷ್ಟ ಎಂದು ಮಣಿಪಾಲದ ಡಾಕ್ಟರು ಮೊದಲೇ ಹೇಳಿದ್ದರು.

ಕಾರ್ಕಳದಿಂದ ಒಬ್ಬ ಕಂಟ್ರಾಕ್ಟರನನ್ನು ಕರೆಸಿದೆ. ಇದರಲ್ಲಿ ಎಂತ ಉಂಟು, ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು, ಗೋಡೆಯ ಗಾರೆ ಸ್ವಲ್ಪ ಕಿತ್ತು ಬರಬಹುದು, ಆಮೇಲೆ ಪ್ಲಾಸ್ಟರ್ ಮಾಡುವಾ ಎಂದ. ಗಾರೆ ಕಿತ್ತರೆ ಮರಳು, ಸಿಮೆಂಟು, ಧೂಳು, ಎಲ್ಲವೂ ಅವರ ಮುಖದ ಮೇಲೆಯೇ. ನಿಮ್ಮ ಅಪ್ಪ ಮಲಗಿದ್ದರೂ ಸುತ್ತಿಗೆಯನ್ನೇ ತರುತ್ತಿದ್ದೀರಾ ಎಂದು ಕೇಳಿದೆ. ಕೊಟ್ಟ ಚಾ ಕುಡಿಯದೆ ಹೋದ. ಹೋಗಲಿ.

ಕಾಪುವಿನಿಂದ ನಾದಿನಿಯನ್ನು ಕರೆಸಿಕೊಂಡು ನಾನೇ ಸ್ಟೂಲು ಹತ್ತಿದೆ. ಬೇರೆಯವರ ಮನೆಗಾದರೆ ಇವರು ಸ್ಕ್ರೂ ಹಾಕುತ್ತಿದ್ದರಂತೆ, ಮುಂದೆ ತೆಗೆಯಲು ಸುಲಭವಾಗಲಿ ಎಂದು. ನಮ್ಮದಕ್ಕೆ ಬರೀ ಅಂಟು. ಸ್ವಂತ ಮನೆಯದನ್ನು ಯಾರು ತೆಗೆಯುತ್ತಾರೆ ಎಂಬ ಧೈರ್ಯ! ತುಂಡು ತುಂಡಾಗಿ ಕೂರಿಸಿದ್ದನ್ನು ತುಂಡು ತುಂಡಾಗಿಯೇ ಬಿಡಿಸಿದರೆ ಗೋಡೆ ಉಳಿಯುತ್ತದೆ, ಅಷ್ಟು ನನಗೂ ಗೊತ್ತು. ಆದರೆ ಸಂದು ಎಲ್ಲಿ? ಅದು ಕಾಣದಂತೆ ಮುಚ್ಚುವುದೇ ಅವರ ಕೈಚಳಕವಾಗಿತ್ತು.

ಅವರನ್ನೇ ಕೇಳಿದೆ. ಬೆರಳನ್ನು ಬಳ್ಳಿಯ ಮೇಲೆ ನಿಧಾನವಾಗಿ ಜಾರಿಸುತ್ತ ಹೋದೆ, ನಾದಿನಿ ಸ್ಟೂಲು ಹಿಡಿದುಕೊಂಡು ಅಣ್ಣನ ಕಣ್ಣು ನೋಡುತ್ತ ನಿಂತಳು. ಒಂದು ಕಡೆ ಅವರು ಕಣ್ಣು ಮುಚ್ಚಿದರು. ಚೂರಿ ತಾಗಿಸಿದರೆ ಅಲ್ಲೇ ಸಂದು! ಮೇಲೆ ಕೆಳಗೆ ಬಣ್ಣವನ್ನು ಚೂರಿಯಿಂದ ಕೊಯ್ದು ಬಿಡಿಸಿಕೊಂಡೆ, ಒದ್ದೆ ಬಟ್ಟೆ ಒತ್ತಿ ಅಂಟನ್ನು ಮೆತ್ತಗೆ ಮಾಡಿದೆ. ಗೋಡೆಗೆ ಪೆಟ್ಟಾಗದಂತೆ ಮರದ ಪಟ್ಟಿ ಕೊಟ್ಟು, ಬಣ್ಣದವರ ಅಗಲ ಬ್ಲೇಡನ್ನು ಅದರ ಮೇಲೆ ಊರಿ ಮೀಟಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಹೀಗೆ ಒಂದೊಂದೇ ಸಂದು ಅವರು ತೋರಿಸಿದರು, ಒಂದೊಂದೇ ತುಂಡು ನಾನು ಇಳಿಸಿದೆ. ಎಷ್ಟೋ ಕಾಲದ ಮೇಲೆ ಇಬ್ಬರೂ ಸೇರಿ ಒಂದು ಕೆಲಸ ಮಾಡುತ್ತಿದ್ದೆವು. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಕೊನೆಗೆ ಉಳಿದದ್ದು ಅವರ ತಲೆಯ ನೇರಕ್ಕಿದ್ದ ಉದ್ದದ ತುಂಡು, ನಡುವೆ ಎಲ್ಲೋ ಇನ್ನೊಂದು ಸಂದು ಇರಲೇಬೇಕು. ಎಲ್ಲಕ್ಕಿಂತ ಹೆಚ್ಚು ಉಬ್ಬಿ ಜೋತಿದ್ದು ಅದೇ. ಬೆರಳನ್ನು ಈ ತುದಿಯಿಂದ ಆ ತುದಿಗೆ ಜಾರಿಸಿದೆ. ಕಣ್ಣು ಮುಚ್ಚಲಿಲ್ಲ. ಇನ್ನೊಮ್ಮೆ ಜಾರಿಸಿದೆ. ಇಲ್ಲ. ಸುಸ್ತಾಯಿತಾ ಎಂದರೆ ಅದಕ್ಕೂ ಇಲ್ಲ.

"ಇದೊಂದು ಇರಲಿ ಅಂತಲಾ?" ಎಂದೆ.

ಮುಚ್ಚಿದರು.

ತಾನು ಮಾಡಿದ್ದಲ್ಲವಾ, ಒಂದಾದರೂ ಉಳಿಯಲಿ ಎಂಬ ಆಸೆ ಇರಬೇಕು ಎಂದುಕೊಂಡೆ. ಆದರೆ ಸಲುಗೆಯ ಬಾಯಿ, ಸುಮ್ಮನಿರುತ್ತದಾ?

"ಇದು ಬಿದ್ದರೆ ನೀವು ಉಳಿಯುವುದುಂಟಾ ಮಾರಾಯ್ರೆ? ಬೀಳಲಿ ಅಂತಲೇ ಕಾಯುವುದಾ?"

ಮುಚ್ಚಿದರು. ರೆಪ್ಪೆ ಬಡಿದದ್ದಲ್ಲ. ನಾನು ನೋಡಿದೆನೆಂದು ಖಾತ್ರಿಯಾಗುವವರೆಗೆ ಮುಚ್ಚಿಯೇ ಇದ್ದರು.

ನಾದಿನಿ ಸ್ಟೂಲು ಬಿಟ್ಟು ಹೊರಗೆ ಹೋಗಿ ಅಳತೊಡಗಿದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬೆಳಗ್ಗೆ ಸಂಜೆ ಮೈ ಒರೆಸಿ, ಹುಣ್ಣಿಗೆ ಮದ್ದು ಹಚ್ಚಿ, ನಾನು ಬದುಕಿಸಿಟ್ಟಿದ್ದು ಇದಕ್ಕಾ? ಸಂದು ಹುಡುಕಲಿಲ್ಲ. ಅಂದಾಜಿನಲ್ಲೇ ಕೊಯ್ದು, ಪಟ್ಟಿ ಕೊಟ್ಟು ಮೀಟಿ, ಇಡೀ ತುಂಡನ್ನು ಎದೆಗೆ ಆನಿಸಿಕೊಂಡು ಇಳಿಸಿದೆ. ಗೋಡೆಗೆ ಒಂದು ಗೀರೂ ಬೀಳಲಿಲ್ಲ.

ಆಮೇಲೆ ಬಂದವರೆಲ್ಲ ಗೋಡೆ ನೋಡಿ ಹೊಗಳುತ್ತಾರೆ. ಗಂಜಿ ಬೇಕಾ ಎಂದು ನಾನು ದಿನವೂ ಕೇಳುತ್ತೇನೆ. ಅವರು ಕಣ್ಣು ತೆರೆದೇ ಇಡುತ್ತಾರೆ. ಆದರೂ ಚಮಚ ಬಾಯಿಗೆ ಇಡುತ್ತೇನೆ. ನುಂಗುತ್ತಾರೆ, ನನ್ನ ಕಡೆ ನೋಡುವುದಿಲ್ಲ.