ಗುಳ್ಳೆ ನಿಲ್ಲದ ಗ್ಲಾಸು

ಇಂಡಿ ತಾಲ್ಲೂಕಿನಿಂದ ಮುಂಬಯಿಗೆ ಬಂದ ಖಂಡಪ್ಪ ಮೊದಲೆರಡು ವರ್ಷ ವಡಾಲದಲ್ಲಿ ಇಟ್ಟಿಗೆ ಹೊತ್ತ. ಆಮೇಲೆ ತನ್ನ ಸೀಮೆಯವನೇ ಆದ ಸಾಯಬಣ್ಣ ಅವನನ್ನು ಫೋರ್ಟಿನ ದೊಡ್ಡ ಹೋಟೆಲೊಂದಕ್ಕೆ ಸೇರಿಸಿದ. ಸಾಯಬಣ್ಣ ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಖಂಡಪ್ಪನಿಗೆ ಗ್ಲಾಸು ತೊಳೆಯುವ ಕೆಲಸ ಸಿಕ್ಕಿತು. ಹನ್ನೆರಡು ವರ್ಷದಲ್ಲಿ ಅವನ ಕೈಯಿಂದ ಜಾರಿ ಒಡೆದ ಗ್ಲಾಸುಗಳು ಬೆರಳೆಣಿಕೆಯಷ್ಟು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ತೊಳೆಯುವ ಗ್ಲಾಸಿನಲ್ಲಿ ಏನಿತ್ತೆಂದು ಒಂದು ದಿನವೂ ರುಚಿ ನೋಡಿದವನಲ್ಲ.

೧೯೭೨ರ ಫೆಬ್ರವರಿಯಲ್ಲಿ ಫ್ರಾನ್ಸಿನಿಂದ ಒಬ್ಬ ಮುದುಕ ಬಂದ. ನಾಲ್ಕು ತಲೆಮಾರಿನಿಂದ ಅವನ ಮನೆಯವರು ಗುಳ್ಳೆ ಏಳುವ ದ್ರಾಕ್ಷಿಮದ್ಯ ಮಾಡುತ್ತಿದ್ದರು. ಸೀಸೆಯೊಳಗೇ ಎರಡನೇ ಸಲ ಹುದುಗು ಬರಿಸಿ, ನೆಲಮಾಳಿಗೆಯ ಕತ್ತಲಲ್ಲಿ ಮೂರು ವರ್ಷ ಮಲಗಿಸಿಟ್ಟು ತೆಗೆದ ಆರು ಬಗೆಯ ಮಾಲು ತಂದಿದ್ದ. ಕುಡಿಯಲು ಸರಕಾರದ ಪರ್ಮಿಟ್ ಇದ್ದ ಹನ್ನೆರಡು ಮಂದಿ ಅತಿಥಿಗಳು ರುಚಿ ನೋಡಿ ಒಪ್ಪಿದರೆ ಹೋಟೆಲಿನವರು ಅದನ್ನು ತಮ್ಮ ಬಾರ್‌ಗೆ ತರಿಸುವವರಿದ್ದರು. ಪೆಟ್ಟಿಗೆಗಳು ಬಂದರಿನಲ್ಲಿ ಒಂಬತ್ತು ದಿನ ಬಿದ್ದಿದ್ದವು. ಅವು ಕೈಗೆ ಬಂದ ಕೂಡಲೇ ಸಾಯಬಣ್ಣ ಕೆಳಗಿನ ತಣ್ಣನೆಯ ಕೋಣೆಯಲ್ಲಿಟ್ಟು, ಒದ್ದೆ ಗೋಣಿ ಹೊದಿಸಿ, ಬಾಣಂತಿಯಂತೆ ನೋಡಿಕೊಂಡಿದ್ದ.

ರುಚಿ ನೋಡುವ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮೊದಲ ಸೀಸೆಯ ಬಿರಡೆ ತೆಗೆದರು. ಖಂಡಪ್ಪ ಹೆಚ್ಚಿನ ಗ್ಲಾಸುಗಳ ಟ್ರೇ ಇಟ್ಟುಕೊಂಡು ಒಳಬಾಗಿಲ ಹತ್ತಿರ ನಿಂತಿದ್ದ. ಸುರಿಯುವಾಗ ಎದ್ದ ನೊರೆ ಮರುಕ್ಷಣವೇ ಕುಸಿದು, ಮದ್ಯ ನಲ್ಲಿ ನೀರಿನಂತೆ ಸಪ್ಪಗೆ ನಿಂತಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಮುದುಕ ಒಂದು ಗುಟುಕು ಬಾಯಲ್ಲಿ ಆಡಿಸಿ ಗ್ಲಾಸು ಕೆಳಗಿಟ್ಟ. ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮ್ಯಾನೇಜರು ಸಾಯಬಣ್ಣನನ್ನು ಕರೆಸಿದರು. "ಮಾಲ್ ಕಹಾಂ ರಖಾ ಥಾ? ಧೂಪ್ ಮೇಂ?"

ಸಾಯಬಣ್ಣ ರಿಟೈರಾಗಲು ಇನ್ನು ಐದೇ ತಿಂಗಳಿತ್ತು. ಬಿಸಿಲಿಗಿಟ್ಟಿಲ್ಲ ಎನ್ನಲು ಎತ್ತಿದ ಕೈ ನಡುಗುತ್ತಿತ್ತು.

ಅಷ್ಟರಲ್ಲಿ ಮೇಜಿನಿಂದ ವಾಪಸು ಬಂದ ಗ್ಲಾಸಿನ ಒಳಗೆ ಖಂಡಪ್ಪ ಅಭ್ಯಾಸಬಲದಿಂದ ಬೆರಳಾಡಿಸಿದ. ಬೆರಳು ಜಾರಿತು. ಮೂಸಿ ನೋಡಿದ, ಸಣ್ಣಗೆ ಸಾಬೂನಿನ ವಾಸನೆ. ಹಿಂದಿನ ದಿನ ಯಾರೋ ಸೇಲ್ಸ್‌ಮನ್ ಕೊಟ್ಟುಹೋಗಿದ್ದ ಹೊಸ ತೊಳೆಯುವ ಪುಡಿಯನ್ನು, ವಿದೇಶದ ಸಾಹೇಬರಿಗೆ ಗ್ಲಾಸು ಇನ್ನಷ್ಟು ಹೊಳೆಯಲಿ ಎಂದು ತಾನೇ ಕೈತುಂಬ ಹಾಕಿ ತಿಕ್ಕಿದ್ದ. ಕ್ಯಾಂಟೀನಿನಲ್ಲಿ ಸಾಬೂನು ಉಳಿದ ಲೋಟಕ್ಕೆ ಸೋಡಾ ಸುರಿದರೆ ಅದು ಹೀಗೇ ಸತ್ತುಹೋಗುತ್ತಿದ್ದುದನ್ನು ಎಷ್ಟೋ ಸಲ ನೋಡಿದ್ದ.

ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಖಂಡಪ್ಪ ಟ್ರೇ ಕೆಳಗಿಟ್ಟು ಒಳಗೆ ಹೋದ.

ಮುದುಕನ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ನಿಂತಿದ್ದವಳು ರಿಸೆಪ್ಷನ್ನಿನ ವನಮಾಲಾ. ಮೈಸೂರು ಕಡೆಯವಳು, ಸಯನ್‌ನಲ್ಲಿ ಮನೆ. ಫ್ರೆಂಚ್ ಕಲಿತಿದ್ದಳು. ಖಂಡಪ್ಪ ನೇರ ಅವಳ ಹತ್ತಿರ ಹೋದ.

"ಅಕ್ಕಾರ, ಸಾಯಬಣ್ಣಂದೇನೂ ತಪ್ಪಿಲ್ರಿ. ಮಾಲೂ ಕೆಟ್ಟಿಲ್ಲ. ಗ್ಲಾಸಿಗಿ ನಾ ಹೊಸಾ ಪುಡಿ ಹಾಕಿ ತಿಕ್ಕೀನಿ, ಅದು ಒಳಗ ಕುಂತೈತ್ರಿ. ಅದಕ್ಕ ಗುಳ್ಳಿ ನಿಲ್ಲವಲ್ಲವು. ಹೇಳ್ರಿ ಅವರಿಗಿ."

ವನಮಾಲಾ ಹೇಳಿದಳು. ಮುದುಕ ಖಾಲಿ ಗ್ಲಾಸೊಂದನ್ನೆತ್ತಿ ಬಹಳ ಹೊತ್ತು ಮೂಸಿದ. ಆಮೇಲೆ ಎರಡು ಮಾತಾಡಿದ.

"ಬರೀ ಬಿಸಿನೀರಲ್ಲಿ ತೊಳೀಬೇಕಂತೆ ಖಂಡಪ್ಪನವರೇ. ಇಲ್ಲೇ, ಅವರೆದುರಿಗೆ."

ಕುದಿಯುವ ನೀರು ಬಂತು. ಹನ್ನೆರಡು ಜನ ನೋಡುತ್ತಿರುವಾಗ ಖಂಡಪ್ಪ ಬೆರಳು ಸುಡುತ್ತಿದ್ದರೂ ಒಂದು ಗ್ಲಾಸನ್ನು ಮೂರು ಸಲ ಗಲಬರಿಸಿ, ತೊಳೆದು ತೊಳೆದು ಮೆತ್ತಗಾದ ಹಳೆಯ ಹತ್ತಿ ಬಟ್ಟೆಯಿಂದ ಒರೆಸಿದ. ಮುದುಕ ತಾನೇ ಸುರಿದ. ನೊರೆ ಇಳಿಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ತಳದಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ದಾರ ಪೋಣಿಸಿದಂತೆ ಒಂದರ ಹಿಂದೊಂದು ಮೇಲೇಳತೊಡಗಿದವು, ನಿಲ್ಲಲೇ ಇಲ್ಲ. ಮುದುಕ ಕುಡಿದು ಕಣ್ಣು ಮುಚ್ಚಿಕೊಂಡ.

"ಈಗ ನಮ್ಮನೆ ರುಚಿ ಬಂತು ಅಂತಿದ್ದಾರೆ," ಅಂದಳು ವನಮಾಲಾ. ಅವಳ ದನಿಯೂ ಹಗುರಾಗಿತ್ತು.

ಮ್ಯಾನೇಜರು ಆ ಪುಡಿ ಎಸೆಯಲು ಹೇಳಿದರು, ಬೇರೇನೂ ಅನ್ನಲಿಲ್ಲ.

ಎಲ್ಲ ಗ್ಲಾಸೂ ತೊಳೆದಾದ ಮೇಲೆ ರುಚಿ ನೋಡುವುದು ಹೊಸದಾಗಿ ಶುರುವಾಯಿತು. ಒಬ್ಬರು ಹಸಿರು ಸೇಬು ಎಂದರು, ಇನ್ನೊಬ್ಬರು ಸುಟ್ಟ ಬ್ರೆಡ್ಡು, ಮತ್ತೊಬ್ಬರು ಬಾದಾಮಿ. ಕೊನೆಯಲ್ಲಿ ಮುದುಕ ಖಂಡಪ್ಪನಿಗೂ ಒಂದು ಗ್ಲಾಸು ಚಾಚಿದ.

"ನಾ ಕುಡ್ಯಾಂಗಿಲ್ರಿ," ಎಂದು ಖಂಡಪ್ಪ ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿ ತೋರಿಸಿದ.

ಮುದುಕ ಬೇಸರಿಸಲಿಲ್ಲ. ಗ್ಲಾಸನ್ನು ತನ್ನ ಕಿವಿಗೆ ಹಿಡಿದು, ಆಮೇಲೆ ಖಂಡಪ್ಪನ ಕಿವಿಗೆ ಹಿಡಿದ. ಬಿರುಕುಬಿಟ್ಟ ಎರೆಹೊಲ ಮೊದಲ ಮಳೆಯ ನೀರು ಹೀರುವಾಗಿನ ಸಿರಸಿರ ಸದ್ದು ಕೇಳಿಸಿತು. ಖಂಡಪ್ಪ ನಕ್ಕ, ಮುದುಕನೂ ನಕ್ಕ.

ಸಂಜೆ ವಿ.ಟಿ.ಯಲ್ಲಿ ಹಾರ್ಬರ್ ಲೋಕಲ್ ರೈಲು ಹತ್ತಿದಾಗ ಸಾಯಬಣ್ಣ ಕೇಳಿದ, "ನಿನ್ನ ಕೆಲಸಾ ಹೋಗಿದ್ರ ಏನ್ ಮಾಡ್ತಿದ್ದಿಲೇ?"

"ನಿನ್ನ ಕೈ ನಡುಗಾಕತ್ತಿತ್ತಣ್ಣಾ. ನೋಡಿಕೊಂತ ನಿಲ್ಲಾಕ ಆಗಲಿಲ್ಲ."

ಮುಂದಿನ ಮಸ್ಜಿದ್ ಸ್ಟೇಶನ್ ದಾಟುವಷ್ಟರಲ್ಲಿ ಸಾಯಬಣ್ಣ ಖಂಡಪ್ಪನ ಹೆಗಲಿಗೆ ತಲೆಯಿಟ್ಟು ನಿದ್ದೆಹೋಗಿದ್ದ. ವಡಾಲದಲ್ಲಿ ಎಬ್ಬಿಸಿ ಇಳಿಸಬೇಕಾಯಿತು.

ಆಂಟಾಪ್ ಹಿಲ್‌ನ ಮನೆಯಲ್ಲಿ ಖಂಡಪ್ಪ ಐದನೆಯ ರೊಟ್ಟಿಗೆ ಕೈಯೊಡ್ಡಿದಾಗ ಹೆಂಡತಿ ಮಲ್ಲವ್ವ ಅವನ ಮುಖ ನೋಡಿದಳು. "ಹೋಟೆಲ್‌ನಾಗ ಇವತ್ತ ಏನೂ ತಿಂದಿಲ್ಲೇನ್ರಿ?"

"ಇಲ್ಲ. ನೆನಪ ಆಗಲಿಲ್ಲ," ಅಂದ ಅವನು. "ಇನ್ನೊಂದೀಟು ಪಲ್ಯಾ ಹಾಕು."