ಹೊಸ ಮನೆಯ ಮೊದಲ ಪಂಕ್ತಿ

ನೆಲದಿಂದ ಸಲೀಸಾಗಿ ಏಳುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಬೈಕು ಕೊಂಡವರ ಮೇಲೆ, ಮದುವೆಯಾದವರ ಮೇಲೆ ಇಲ್ಲದ ಉರಿ ಅದು. ವರ್ಷದಿಂದ ವರ್ಷಕ್ಕೆ ಸ್ನಾಯುಗಳು ಸೊರಗುತ್ತ ಹೋಗುವ ಕಾಯಿಲೆ ನನ್ನದು. ತೊಡೆ, ಸೊಂಟ ಈಗಾಗಲೇ ಕೈಕೊಟ್ಟಿವೆ. ತಿ. ನರಸೀಪುರದ ನಮ್ಮ ಮನೆಯಲ್ಲಿ ನನ್ನ ಮಂಚದ ಕಾಲುಗಳಿಗೆ ಎರಡೆರಡು ಇಟ್ಟಿಗೆ, ಕುರ್ಚಿಯ ಮೇಲೆ ಮಡಚಿದ ಕಂಬಳಿ, ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಪೈಪು. ಬಸ್ಸು ಹತ್ತುವಾಗ ಕಂಡಕ್ಟರನ ದನಿಯಲ್ಲಿ ನಾನೇ "ಹೋಲ್ಡಾನ್" ಎನ್ನುತ್ತೇನೆ. ಡ್ರೈವರು ಹಿಂತಿರುಗಿ ನೋಡುವಷ್ಟರಲ್ಲಿ ಮೇಲಿರುತ್ತೇನೆ. ಊರವರ ದನಿ, ನಡಿಗೆ ಎಲ್ಲವನ್ನೂ ಅಣಕಿಸುವುದು ನನ್ನ ಹಳೆಯ ಚಾಳಿ. ನಡಿಗೆ ಈಗ ಆಗದು, ದನಿ ಉಳಿದಿದೆ.

ಕಾಯಿಲೆಯ ವಿಷಯ ಅಪ್ಪ ಅಮ್ಮನನ್ನು ಬಿಟ್ಟರೆ ನೆಂಟರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದೆಂಬುದು ನನ್ನ ಹಟ. ಆ ಹಟ ಮುರಿದದ್ದು ತಗಡೂರಿನಲ್ಲಿ, ಸೋದರತ್ತೆಯ ಮನೆಯ ಗೃಹಪ್ರವೇಶದ ದಿನ.

ಹೊರಗೆ ಶಾಮಿಯಾನದಡಿ ಟೇಬಲ್ಲು ಹಾಕಿದ್ದರು. ಆದರೆ ಮೊದಲ ಪಂಕ್ತಿ ಮಾತ್ರ ಹೊಸ ನೆಲದ ಮೇಲೇ ಕೂರಬೇಕು, ಅದೂ ಮನೆಯವರೇ, ಎಂದರು ಅತ್ತೆಯ ಮಾವ. ಎಂಬತ್ತು ದಾಟಿದ ಮುದುಕರು. ನಾನು ಗೋಡೆ ಹಿಡಿದು ಹೇಗೋ ಕುಸಿದು ಕೂತೆ. ಪಕ್ಕದಲ್ಲಿ ನನ್ನದೇ ವಯಸ್ಸಿನ ಚಿಕ್ಕಪ್ಪನ ಮಗ. ನಂಜನಗೂಡಿನ ಫ್ಯಾಕ್ಟರಿಯಲ್ಲಿ ಕೆಲಸ, ಕಂಬದಂಥ ಕಾಲುಗಳು. ಊಟಕ್ಕಿಂತ ಹೆಚ್ಚಾಗಿ ಅವನ್ನೇ ನೋಡಿದೆ.

ನನ್ನ ಉಪಾಯ ಸರಳವಾಗಿತ್ತು. ಎಲ್ಲರೂ ಎದ್ದು ಕೈ ತೊಳೆಯಲು ಹೋಗುವವರೆಗೆ ತಿನ್ನುತ್ತಿರುವುದು, ಆಮೇಲೆ ಯಾರೂ ಇಲ್ಲದಾಗ ಏಳುವುದು. ಮೂರನೆಯ ಹೋಳಿಗೆ ಹಾಕಿಸಿಕೊಂಡೆ. ನಾಲ್ಕನೆಯದು. ತಲೆಯೆತ್ತಿ ನೋಡಿದರೆ ಒಬ್ಬರೂ ಎದ್ದಿಲ್ಲ. ಪಂಕ್ತಿಯಲ್ಲಿ ಒಬ್ಬ ಉಣ್ಣುತ್ತಿರುವಾಗ ಉಳಿದವರು ಏಳಬಾರದೆಂಬ ಪದ್ಧತಿ ನನಗೆ ಮರೆತೇಹೋಗಿತ್ತು. ಎಲ್ಲರ ಕೈಯೂ ಒಣಗಿತ್ತು, ಎಲ್ಲರ ಕಣ್ಣೂ ನನ್ನ ಎಲೆಯ ಮೇಲಿತ್ತು.

"ಉಣ್ಲಿ ಬುಡಿ, ಮೊಗ ಅಸ್ಕೊಂಡದೆ," ಎಂದರು ಮುದುಕರು.

"ಮೊಗ ಅಲ್ಲ ತಾತ, ರಾಗಿ ತುಂಬೋ ಹಗೇವು. ಎಷ್ಟು ಸುರುದ್ರೂ ತುಂಬಲ್ಲ," ಎಂದ ಚಿಕ್ಕಪ್ಪನ ಮಗ. "ಲೇ, ಸೆಕೆಂಡ್ ಶಿಫ್ಟದೆ ಕಣ್ಲಾ ನಂಗೆ. ಬಸ್ ಓಯ್ತದೆ."

ಐದನೆಯದಕ್ಕೆ ಕೈ ಅಡ್ಡ ಹಿಡಿದೆ. ಎಲೆ ಮಡಚಿದೆ. ಮುದುಕರು ಮೊದಲು ಎದ್ದರು, ಒಂದು ಮಂಡಿಗೆ ಒಂದು ಕೈ, ಅಷ್ಟೇ. ಎಂಬತ್ತರವರ ಮೇಲೂ ನನಗೆ ಹೊಟ್ಟೆ ಉರಿಯಿತು. ಉಳಿದವರು ಎದ್ದು, ಹೋಗದೆ, ಹೋಳಿಗೆ ವೀರನನ್ನು ನೋಡುತ್ತ ನಿಂತರು.

ಬೇರೆ ದಾರಿ ಇರಲಿಲ್ಲ. ಅಂಬೆಗಾಲಿಗೆ ತಿರುಗಿದೆ, ಸೊಂಟ ಮೇಲೆತ್ತಿದೆ, ಅಂಗೈಗಳನ್ನು ಮಂಡಿಗೆ, ಮಂಡಿಯಿಂದ ತೊಡೆಗೆ ಒಂದೊಂದಾಗಿ ಒತ್ತುತ್ತ ತೆಂಗಿನ ಮರ ಹತ್ತುವಂತೆ ನನ್ನ ಮೈಯನ್ನೇ ನಾನು ಹತ್ತಿದೆ.

ಇಡೀ ಮನೆ ನಕ್ಕಿತು.

"ತಾತನ್ನ ಅಣಕಿಸ್ತಾವ್ನೆ ನೋಡ್ರಪ್ಪ," ಎಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತ. ಮುದುಕರೂ ನಕ್ಕರು.

ಒಮ್ಮೆ ಕೈಮುಗಿದು ಚಪ್ಪಾಳೆ ಗಿಟ್ಟಿಸಿಕೊಂಡಿದ್ದರೆ ಗುಟ್ಟು ಉಳಿಯುತ್ತಿತ್ತು. ನಾನು ಕೈ ಜೋಡಿಸುವಷ್ಟರಲ್ಲಿ ಚಿಕ್ಕಪ್ಪನ ಮಗ ನೆಲಕ್ಕೆ ಕೂತು ನನ್ನಂತೆಯೇ ಎದ್ದು ತೋರಿಸಿದ. ಮತ್ತೆ ಕೂತ, ಮತ್ತೆ ಎದ್ದ. ಮೂರನೆಯ ಸಲ ತೊಡೆಗೆ ಕೈಯನ್ನು ಸುಮ್ಮನೆ ತಾಗಿಸಿದ, ಕಾಲುಗಳು ತಾವಾಗಿ ಮೇಲೆ ಬಂದವು. ನನಗೆ ದಿನಕ್ಕೆ ಒಂದು ಸಲ ಮಾಡುವುದೂ ಕಷ್ಟವಾದದ್ದು ಅವನಿಗೆ ಆಟ. ತಡೆಯಲಾಗಲಿಲ್ಲ.

"ಅಂಗಲ್ಲ ಕಣ್ಲಾ. ಕೈ ತೆಗುದ್ರೆ ನೀನು ಬೀಳ್ಬೇಕು," ಎಂದೆ. "ನಾನು ತಾತನ್ನ ಅಣಕಿಸ್ಲಿಲ್ಲ. ನಾನು ಏಳೋದೇ ಇಂಗೆ. ಕಾಲಲ್ಲಿ ಶಕ್ತಿ ಓಯ್ತಾ ಅದೆ, ವಾಪಸ್ ಬರಲ್ವಂತೆ."

ನಗು ಒಬ್ಬೊಬ್ಬರಲ್ಲೇ ನಿಂತಿತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚಿಕ್ಕಪ್ಪನ ಮಗ ನನ್ನ ತೋಳು ಹಿಡಿಯಲು ಬಂದ.

"ಈಗ್ಯಾಕ್ಲಾ? ಎದ್ದಾಯ್ತಲ್ಲ," ಎಂದೆ.

ಅವನು ಕುಕ್ಕರಗಾಲಲ್ಲಿ ಕೂತ. ಬಗ್ಗಿ, ನನ್ನ ಎಂಜಲೆಲೆಯನ್ನೂ ತನ್ನದರ ಜೊತೆ ಎತ್ತಿಕೊಂಡ. ಎರಡೂ ಕೈ ತುಂಬ ಎಲೆ. ಯಾವುದನ್ನೂ ಹಿಡಿಯದೆ, ಒರಗದೆ, ನೆಟ್ಟಗೆ ಎದ್ದು ಹೊರಗೆ ಹೋದ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.