ಕೈ ಬೀಸಲು ಕಲಿತ ಕೊಕ್ಕರೆ

“ಅಜ್ಜಿ, ಗಿಡ್ಡಿ ಚೆಂಡು ಎತ್ತಿಕೊಟ್ಲು ಅಂದ್ರೆ ಅದು ನೆಟ್ ಮೇಲೆ ಒಂದು ಗಳಿಗೆ ಸುಮ್ನೆ ನಿಂತಿರುತ್ತೆ. ಕೆಳಗಿಂದ ನೋಡೋರಿಗೆ ಅದು ಕಾಣಲ್ಲ, ಹಾರಿದೋರಿಗೆ ಮಾತ್ರ ಕಾಣುತ್ತೆ. ಆ ಕಡೆ ಯಾರು ಎಲ್ಲಿ ನಿಂತಿದಾರೆ, ಯಾವ ಮೂಲೆ ಖಾಲಿ ಇದೆ, ಎಲ್ಲಾ ನಂಗೆ ಕಾಣುತ್ತೆ. ಇಲ್ಲೇ ಹೊಡೀಬೇಕು ಅಂತ ಗುರುತು ಹಾಕ್ಕೋತೀನಿ. ಹೊಡೀತೀನಿ. ಚೆಂಡು ಗೋಡೆಯಿಂದ ಬಿದ್ದ ಹಲ್ಲಿ ಥರ ತೊಪ್ ಅಂತ ಬೀಳುತ್ತೆ. ಅವರು ಎತ್ತಿ ವಾಪಸ್ ಕಳಿಸ್ತಾರೆ, ಅದೂ ನಗ್ತಾ ನಗ್ತಾ. ನಿನ್ನ ಕಾಲು ಕೊಕ್ಕರೆದು, ಕೈ ಕೋಳಿ ರೆಕ್ಕೆ ಅಂತಾರೆ ಮೇಡಂ. ಹದಿನೈದು ದಿನ ಟೈಮ್ ಕೊಟ್ಟಿದಾರೆ. ಅಷ್ಟರಲ್ಲಿ ಸರಿಹೋಗ್ಲಿಲ್ಲ ಅಂದ್ರೆ ಹೊಡೆಯೋ ಜಾಗಕ್ಕೆ ಬೇರೆಯವಳು ಬರ್ತಾಳೆ, ನಾನು ಹಿಂದಿನ ಸಾಲಲ್ಲಿ ನಿಂತು ಬಂದ ಚೆಂಡು ಎತ್ತಬೇಕು. ಎತ್ತೋದು ಕೀಳು ಕೆಲಸ ಅಂತಲ್ಲ. ಆದ್ರೆ ನಂಗೆ ಹಾರಬೇಕು ಅಜ್ಜಿ.”

ಇಷ್ಟನ್ನೂ ನನ್ನ ಮೊಮ್ಮಗಳು ಒಂದೇ ಉಸಿರಿಗೆ ಹೇಳಿದಳು. ಓದುತ್ತಿರುವುದು ಒಂಬತ್ತನೇ ತರಗತಿ, ಎತ್ತರ ಐದಡಿ ಒಂಬತ್ತಂಗುಲ. ಶಾಲೆಯಲ್ಲಿ ಎಲ್ಲರೂ ಕೊಕ್ಕರೆ ಎಂದೇ ಕರೆಯುತ್ತಾರೆ. ಮೊದಮೊದಲು ಅಳುತ್ತಿದ್ದಳು, ಈಗ ಕೊಕ್ಕರೆ ಅಂದರೆ ಮಾತ್ರ ತಿರುಗಿ ನೋಡುತ್ತಾಳೆ.

ನಮ್ಮದು ಲಾಂಡ್ರಿ. ಕೆಳಗೆ ಅಂಗಡಿ, ಅದರ ಮೇಲೆ ಎರಡು ಕೋಣೆಯ ಮನೆ, ಅದರ ಮೇಲೆ ಬಟ್ಟೆ ಒಣಗಿಸುವ ತಾರಸಿ. ಸೊಸೆ ಒಗೆಯುತ್ತಾಳೆ, ಮಗ ಇಸ್ತ್ರಿ ಮಾಡುತ್ತಾನೆ, ಕಿತ್ತುಹೋದ ಗುಂಡಿ ಹಾಕುವುದು ನನ್ನ ಪಾಲಿಗೆ. ಲಾಡ್ಜಿನ ಉದ್ದುದ್ದ ಶೀಟುಗಳ ಅಂಚು ನೆಲಕ್ಕೆ ತಾಗಬಾರದೆಂದು ಮಗ ತಾರಸಿಯ ತಂತಿಗಳನ್ನು ಎತ್ತರಕ್ಕೆ ಕಟ್ಟಿದ್ದಾನೆ. ಕ್ಲಿಪ್ ಹಾಕಲು ಸೊಸೆಗೆ ಸ್ಟೂಲು ಬೇಕು. ಹುಡುಗಿಗೆ ಸ್ಟೂಲು ಎಳೆದಾಡುವ ಸೋಮಾರಿತನ. ಐದನೇ ತರಗತಿಯಿಂದಲೂ ಎರಡು ಸಾಲು ಶೀಟುಗಳ ನಡುವೆ ಮೂರು ಹೆಜ್ಜೆ ಓಡಿ, ಹಾರಿ, ಮೇಲೆಯೇ ಕ್ಲಿಪ್ ಒತ್ತಿ ಇಳಿಯುತ್ತಿದ್ದಳು.

ಏಳನೇ ತರಗತಿಯಲ್ಲಿದ್ದಾಗ ಯಾರೋ ತುಂಟರು ಬೋರ್ಡ್ ಒರೆಸುವ ಡಸ್ಟರನ್ನು ಕಿಟಕಿಯ ಸಜ್ಜಾ ಮೇಲೆ ಎಸೆದಿದ್ದರಂತೆ. ಇವಳು ಓಡಿಬಂದು ಹಾರಿ ತೆಗೆದಳು. ಆಟದ ಮೇಡಂ ಜಗಲಿಯಲ್ಲಿ ನಿಂತು ನೋಡುತ್ತಿದ್ದರು.

“ಇದನ್ನ ಯಾರು ಕಲಿಸಿದ್ರು ನಿಂಗೆ?”

“ಬಟ್ಟೆ ಒಣಹಾಕೋದು, ಮೇಡಂ.”

ಮಾರನೆಯ ದಿನವೇ ಅವಳನ್ನು ವಾಲಿಬಾಲ್ ಅಂಗಳಕ್ಕೆ ಇಳಿಸಿದರು. ಮೊದಲ ವರ್ಷ ಅವಳು ಹೊಡೆದದ್ದಕ್ಕಿಂತ ನೆಟ್ಟಿಗೆ ಸಿಕ್ಕಿಕೊಂಡದ್ದೇ ಹೆಚ್ಚು. ಗೋಡೆಗೆ ದಿನಾ ನೂರು ಸಲ ಚೆಂಡು ಬಡಿದಳು. ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಹುಡುಗಿ ಗಿಡ್ಡಿ. ಅವಳ ಬೆರಳು ನೋಡಿಯೇ ಚೆಂಡು ಎಲ್ಲಿಗೆ ಬರುತ್ತದೆಂದು ಇವಳು ಹೇಳುವಷ್ಟಾದಳು. ಎಲ್ಲ ಬಂತು, ಏಟಿನಲ್ಲಿ ಕಸುವು ಮಾತ್ರ ಬರಲಿಲ್ಲ.

ಮೇಡಂ ಹೇಳುತ್ತಿದ್ದುದು ಒಂದೇ ಮಾತು. ಓಡಿಬರುವಾಗ ಎರಡೂ ಕೈಯನ್ನು ಹಿಂದಕ್ಕೆ ಚೆನ್ನಾಗಿ ಬೀಸಬೇಕು, ಆ ಬೀಸಿನಲ್ಲೇ ಮೇಲೇಳಬೇಕು, ಆಗ ತೋಳಿಗೆ ಬಲ ಬರುತ್ತದೆ. ನಿಂತಲ್ಲಿ ಬೀಸು ಅಂದರೆ ಬೀಸುತ್ತಿದ್ದಳು. ಓಡಲು ಶುರು ಮಾಡಿದಳೋ, ಮೊಣಕೈ ಎರಡೂ ಪಕ್ಕೆಗೆ ಅಂಟಿಕೊಳ್ಳುತ್ತಿದ್ದವು.

“ಏನೇ, ಕಂಕುಳಲ್ಲಿ ಥರ್ಮಾಮೀಟರ್ ಇಟ್ಕೊಂಡಿದೀಯಾ?” ಎಂದಳಂತೆ ಗಿಡ್ಡಿ. “ಜ್ವರ ಎಷ್ಟಿದೆ ನೋಡಿ ಆಮೇಲೆ ಹೊಡಿ.”

ಹದಿನೈದರಲ್ಲಿ ಐದು ದಿನ ಹೀಗೇ ಕಳೆದವು. ಆರನೆಯ ದಿನ ಬೆಳಿಗ್ಗೆ ಎಳೆಬಿಸಿಲಿಗೆಂದು ನಾನು ಗುಂಡಿ ಡಬ್ಬಿ ಹಿಡಿದು ತಾರಸಿಗೆ ಹೋಗಿದ್ದೆ. ಹುಡುಗಿ ಶಾಲೆಗೆ ಹೋಗುವ ಮೊದಲು ಶೀಟು ಹರವುತ್ತಿದ್ದಳು. ಮಗ ಇನ್ನೊಂದು ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಾ, ಮುಖ ಕಾಣುವ ಮೊದಲೇ ಕೂಗಿದ: “ಕೈ ಒಳಗಿಟ್ಕೊಳ್ಳೇ, ಶೀಟು ಕೊಳೆ ಆಗುತ್ತೆ.”

ಈ ಮಾತನ್ನು ನಾನು ಎಷ್ಟು ಸಾವಿರ ಸಲ ಕೇಳಿದ್ದೆನೋ. ನಲ್ಲಿ ತೊಟ್ಟಿಕ್ಕುವ ಸದ್ದಿನ ಹಾಗೆ, ಕಿವಿಗೆ ಬಿದ್ದರೂ ತಲೆಗೆ ಹೋಗುತ್ತಿರಲಿಲ್ಲ. ಆವತ್ತು ಹೋಯಿತು.

“ಅವಳ ಕೈ ಕಟ್ಟಿದ್ದು ನೀನೇ ಕಣೋ,” ಎಂದೆ.

“ನಾನಾ? ನಾನ್ಯಾವಾಗ ಕಟ್ಟಿದೆ, ಅಮ್ಮಾ?”

“ನಾಲ್ಕು ವರ್ಷದಿಂದ ದಿನಾ ಕಟ್ತಿದೀಯ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಅವಳು ಹಾರೋದು ಕಲ್ತಿದ್ದೇ ಈ ಶೀಟುಗಳ ಮಧ್ಯೆ. ಆಟದ ಅಂಗಳದಲ್ಲೂ ಕೈ ಬೀಸಿದ್ರೆ ಬೈಸ್ಕೋತೀನಿ ಅಂತಲೇ ಓಡ್ತಾಳೆ.”

ಹುಡುಗಿ ತನ್ನ ಮೊಣಕೈಗಳನ್ನೇ ನೋಡಿಕೊಂಡಳು. ಮಗನ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದ ಸೊಸೆಗೆ ನಗು ತಡೆಯಲಾಗಲಿಲ್ಲ. “ಊರೋರ ಬಟ್ಟೆ ಸುಕ್ಕೆಲ್ಲ ತೆಗೀತಾರೆ, ಮಗಳ ಕೈ ಮಾತ್ರ ಮಡಿಚಿಟ್ಟಿದಾರೆ.”

ಮಗ ನಗಲಿಲ್ಲ. ಬುಟ್ಟಿ ಇಳಿಸಿದ. “ಹಂಗಾದ್ರೆ ಬೀಸು,” ಎಂದ. ಹುಡುಗಿ ಓಡಿದಳು, ಮೊಣಕೈ ಮತ್ತೆ ಪಕ್ಕೆಗೇ. “ಬೀಸು ಅಂದ್ನಲ್ಲ.” ಇನ್ನೊಮ್ಮೆ ಓಡಿದಳು, ಹಾಗೇ. “ಆಗಲ್ಲ ಅಪ್ಪ, ಶೀಟು ಕಂಡ ತಕ್ಷಣ ಕೈಯೇ ಒಳಗೆ ಬರುತ್ತೆ.”

ಆಗ ಅವನು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿ ಬಂದ ಕೈ, ಅಂಗೈಯೆಲ್ಲ ಮಸಿ. ಆ ಅಂಗೈಯನ್ನು ಹಾಲಿನಂಥ ಬಿಳಿ ಶೀಟಿನ ನಟ್ಟನಡುವೆ ಪಟ್ಟೆಂದು ಬಡಿದ. ಐದು ಬೆರಳೂ ಮೂಡಿದವು.

“ನೋಡು, ಕೊಳೆ ಆಯ್ತು. ಏನಾಯ್ತೀಗ? ಏನೂ ಆಗ್ಲಿಲ್ಲ. ಬೀಸು.”

“ರೀ, ಅದು ಲಾಡ್ಜಿಂದು,” ಎಂದಳು ಸೊಸೆ.

“ಗೊತ್ತು. ಮತ್ತೆ ಒಗೆದ್ರಾಯ್ತು.”

“ಒಗೆಯೋರು ಯಾರು?”

“ನಾನೇ.”

ಅಂದಿನಿಂದ ದಿನಾ ಬೆಳಿಗ್ಗೆ ತೂಗುವ ಶೀಟುಗಳ ನಡುವೆಯೇ ಅವಳ ಅಭ್ಯಾಸ. ಮೊದಮೊದಲು ಬೆರಳ ತುದಿ ತಾಗಿದರೂ ಬೆಚ್ಚಿ ನಿಂತು ಅಪ್ಪನ ಮುಖ ನೋಡುತ್ತಿದ್ದಳು. ಅವನು ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ಮೂರನೆಯ ದಿನಕ್ಕೆ ಪಟಪಟ ಬಡಿಯತೊಡಗಿದಳು. ಕೊಳೆಯಾದದ್ದನ್ನೆಲ್ಲ ಮಗ ಒಗೆಯುತ್ತಿದ್ದ. ಮದುವೆಯಾದಾಗಿನಿಂದ ಒಗೆಯುವ ಕಲ್ಲಿನ ಹತ್ತಿರ ಸುಳಿಯದವನು. ಸೊಸೆ ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತು, “ಅಂಚು ಬಿಟ್ರಲ್ಲ, ಅಂಚು ಉಜ್ಜಿ. ಸೋಪು ಹಚ್ಚಿದ್ರೆ ಸಾಲದು, ತೋಳಲ್ಲಿ ಕಸುವು ಬೇಕು,” ಎಂದು ಹೇಳಿಕೊಡುತ್ತಿದ್ದಳು. ಅವಳನ್ನು ಅಷ್ಟು ಖುಷಿಯಾಗಿ ನಾನು ಕಂಡದ್ದು ಅಪರೂಪ.

ಆಮೇಲೊಂದು ದಿನ ಹುಡುಗಿ ಬೀಸಿದ ಬೀಸಿಗೆ ಶೀಟು ಕೈಗೆ ಸುತ್ತಿಕೊಂಡು ತಂತಿಯೇ ಕಿತ್ತುಬಂತು. ಎಂಟು ಶೀಟು ನೆಲದ ಮೇಲೆ. ಹುಡುಗಿ ಚೆದುರಿದ ಕ್ಲಿಪ್ಪುಗಳನ್ನು ಆಯತೊಡಗಿದಳು. ಮಗ ನೆಲ ನೋಡಿದ, ತಂತಿ ನೋಡಿದ, ಕೊನೆಗೆ ಕೇಳಿದ: “ಎಷ್ಟೆತ್ತರ ಹಾರ್ದೆ?”

ಹದಿನೈದನೆಯ ದಿನ ಪಕ್ಕದ ಶಾಲೆಯವರೊಂದಿಗೆ ಆಟ. ಮೇಡಂ ತಂಡ ಆರಿಸುವುದು ಆವತ್ತೇ. ನಾನೂ ಹೋಗಿ ಹುಡುಗರ ಪಕ್ಕ ಬೆಂಚಿನ ಮೇಲೆ ಕುಳಿತೆ. ಗಿಡ್ಡಿ ಮೊದಲ ಚೆಂಡು ಎತ್ತಿಕೊಟ್ಟಳು. ಇವಳು ಕೈ ಬೀಸಿ ಹಾರಿದಳು, ಹೊಡೆದಳು. ಚೆಂಡು ಅಂಗಳ ದಾಟಿ ಸೈಕಲ್ ಸ್ಟ್ಯಾಂಡಿಗೆ ಹೋಯಿತು. ಎರಡನೆಯದು ನೆಟ್ಟಿಗೆ. ಮೇಡಂ ಇನ್ನೊಬ್ಬ ಹುಡುಗಿಗೆ ತಯಾರಾಗು ಎಂದು ಸನ್ನೆ ಮಾಡಿದರು. ಅವಳು ಎದ್ದು ಕಾಲು ಜಾಡಿಸತೊಡಗಿದಳು.

“ಇನ್ನೊಂದು ಕೊಡ್ತೀನಿ,” ಎಂದಳು ಗಿಡ್ಡಿ. “ಇದನ್ನೂ ಸೈಕಲ್ಲಿಗೆ ಹೊಡೆದ್ರೆ ತರೋದು ನೀನೇ.”

ಮೂರನೆಯದು ಮೇಲೇರಿತು. ಕೊಕ್ಕರೆ ಮೂರು ಹೆಜ್ಜೆ ಓಡಿದಳು, ಎರಡೂ ಕೈ ಬೆನ್ನ ಹಿಂದಕ್ಕೆ ಹೋದವು. ಆಮೇಲೆ ಫಟ್ ಎಂದು ಒಂದು ಸದ್ದು. ಚೆಂಡು ಆ ಕಡೆಯ ಮೂಲೆಯಲ್ಲಿ ನೆಲಕ್ಕೆ ಬಡಿದು ಕಾಂಪೌಂಡು ಗೋಡೆಗೆ ಹಾರಿತು. ಎದುರಿನ ಹುಡುಗಿ ಚಾಚಿದ್ದ ತನ್ನ ಖಾಲಿ ಕೈಗಳನ್ನೇ ನೋಡುತ್ತಾ ನಿಂತಿದ್ದಳು. ಕಾಲು ಜಾಡಿಸುತ್ತಿದ್ದವಳು ಮೆಲ್ಲಗೆ ಕುಳಿತುಕೊಂಡಳು.

ಆಟ ನಾವು ಗೆಲ್ಲಲಿಲ್ಲ. ಕೊನೆಯ ಸೆಟ್ಟಿನಲ್ಲಿ ಎರಡು ಪಾಯಿಂಟಿಗೆ ಸೋತೆವು. ಆದರೆ ಆ ಸೆಟ್ಟಿನಲ್ಲಿ ಏಳು ಪಾಯಿಂಟು ಇವಳವು. ಮೇಡಂ ಪೆನ್ನಿನ ಮುಚ್ಚಳ ಕಚ್ಚಿಕೊಂಡೇ ಪಟ್ಟಿ ಬರೆದರು. “ಕೊಕ್ಕರೆ, ಅಟ್ಯಾಕರ್ ನೀನೇ. ಸೈಕಲ್ ಸ್ಟ್ಯಾಂಡಿನ ಮೇಲೆ ಸ್ವಲ್ಪ ಕರುಣೆ ಇರಲಿ.”

ಸಂಜೆ ಅಂಗಡಿಯಲ್ಲಿ ಮಗ ಶರಟಿನ ಕಾಲರ್ ಒತ್ತುತ್ತಿದ್ದ. ತಲೆಯೆತ್ತದೆ, “ಏನಾಯ್ತು?” ಎಂದ.

“ಸೋತ್ವಿ ಅಪ್ಪ. ಆದ್ರೆ ಜಾಗ ಸಿಕ್ತು.”

ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಅವಳನ್ನು ನೋಡಿದ. “ಹೋಗು, ಊಟ ಮಾಡು,” ಎಂದ.

ಊಟದ ಹೊತ್ತಿಗೆ ಆಟದ ಕತೆ ಎರಡು ಸಲ ಆಯಿತು. ಮೂರನೆಯ ಸಲ ಶುರುವಾದಾಗ ಸೊಸೆ, “ಅದೆಲ್ಲ ಸರಿ, ಇವತ್ತು ಪಾತ್ರೆ ಯಾರ ಸರದಿ?” ಎಂದು ಕೇಳಿದಳು.

“ನಂದೇ,” ಎಂದು ಹುಡುಗಿ ಎದ್ದಳು. ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಬಚ್ಚಲಿಗೆ ಒಯ್ದಳು. ತಳ ಹಿಡಿದಿದ್ದ ಅನ್ನದ ಪಾತ್ರೆಗೆ ನೀರು ತುಂಬಿ ನೆನೆಯಲು ಬಿಟ್ಟು, ಮೊದಲು ಲೋಟಗಳನ್ನು ತೊಳೆಯತೊಡಗಿದಳು.